ವಾಚಕರ ಪತ್ರಗಳೂ ಸಂಪಾದಕನ ಕತ್ತರಿಯೂ

ಪತ್ರಿಕೆಗೆ ಬರುವ ವಾಚಕರ ಪತ್ರಗಳಲ್ಲಿ ಯಾವುದನ್ನು ಅಚ್ಚಿಗೆ ಕೊಡತಕ್ಕದ್ದು, ಯಾವುದನ್ನು ತಡೆಯತಕ್ಕದ್ದು ಎಂಬ ಪ್ರಶ್ನೆಯು ಮೇಲುನೋಟಕ್ಕೆ ಬರಿಯ ಕಛೇರಿಯ ಕೆಲಸದಂತೆ ತೋರುವುದು. ನಾನೂ ಹಾಗೆಯೇ ಭಾವಿಸಿದ್ದೆನು. ಉಪಾಧ್ಯಾಯವೃತ್ತಿಯಿಂದ ನಿವೃತ್ತನಾದ ಮೇಲೆ, ಸ್ನೇಹಿತರೊಬ್ಬರು ನಡೆಸುತ್ತಿದ್ದ ಸಣ್ಣ ಮಾಸಪತ್ರಿಕೆಯೊಂದರಲ್ಲಿ ಎರಡು ವರ್ಷಕಾಲ ಪತ್ರಗಳನ್ನು ಆರಿಸುವ ಭಾರವು ನನ್ನ ಮೇಲೆ ಬಿದ್ದಿತು. ಇದು ಧರ್ಮಸೂಕ್ಷ್ಮದ ವಿಷಯವೆಂಬುದು ಆಗ ತಿಳಿಯಿತು.

ಪಾಠಶಾಲೆಯಲ್ಲಿ ತರ್ಕವನ್ನು ಓದಿದವರಿಗೆ ಗೌತಮನ ನ್ಯಾಯಸೂತ್ರಗಳಲ್ಲಿ ಬರುವ ವಿಭಾಗವು ನೆನಪಿರಬಹುದು. ತತ್ತ್ವವನ್ನರಿಯಬೇಕೆಂಬವರ ಮಾತು ವಾದ, ಗೆಲ್ಲಬೇಕೆಂಬವರದು ಜಲ್ಪ, ತನ್ನ ಪಕ್ಷವೊಂದನ್ನೂ ಸ್ಥಾಪಿಸದೆ ಎದುರಾಳಿಯದನ್ನು ಮುರಿಯುವುದಷ್ಟೇ ವಿತಂಡೆ. ವಾದವನ್ನು ಅಚ್ಚುಹಾಕಿ ಮಿಕ್ಕೆರಡನ್ನು ಬುಟ್ಟಿಗೆ ಹಾಕಿದರೆ ಸಾಕೆಂದು ನನಗೆ ತೋರಿತ್ತು. ಆದರೆ ಶಾಸ್ತ್ರಕಾರನು ನಮಗಿಂತ ಲೋಕವನ್ನು ಹೆಚ್ಚಾಗಿ ಬಲ್ಲವನು. ಮೊಳಕೆಯನ್ನು ಕಾಯಲು ಮುಳ್ಳುಬೇಲಿ ಹೇಗೋ, ತತ್ತ್ವವನ್ನು ಕಾಯಲು ಜಲ್ಪವಿತಂಡೆಗಳು ಹಾಗೆ ಎಂಬುದು ಅವನ ಅಭಿಪ್ರಾಯ. ಎಂದ ಮೇಲೆ ಒರಟು ಮಾತೆಲ್ಲವೂ ತ್ಯಾಜ್ಯವಲ್ಲ. ಬೇಲಿಯನ್ನು ಕಿತ್ತೆಸೆಯುವ ಮುನ್ನ ಒಳಗೆ ಮೊಳಕೆಯುಂಟೋ ಎಂದು ನೋಡಬೇಕಾಗುತ್ತದೆ.

ಸುಲಭವಾದ ಪತ್ರಗಳ ಮಾತು ಬೇರೆ. ಸಹಿಯಿಲ್ಲದ ಬೈಗುಳ, ಜಾತಿಯನ್ನೆತ್ತಿ ಆಡಿದ ಹೀನೋಕ್ತಿ, ನೆರೆಯವನ ಮೇಲೆ ಹೊರಿಸಿದ ಸುಳ್ಳು ಅಪವಾದ ಇವುಗಳಿಗೆ ಎಡೆಯೇ ಇಲ್ಲ. ಅಪವಾದವನ್ನು ಬರೆದವನಂತೆ ಅದನ್ನು ಪ್ರಕಟಿಸಿದವನೂ ಕಾನೂನಿಗೆ ಉತ್ತರ ಹೇಳಬೇಕು. 1860ರ ದಂಡಸಂಹಿತೆಯ 499ನೆಯ ಕಲಮಿನಲ್ಲಿದ್ದ ಈ ವಿಧಿಯು 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಾಗಿ ನಡೆಯುತ್ತಿದೆ. ಆದರೆ ಹೊರಗಿನ ಅಂಕುಶವು ನಿರಂಕುಶತೆಗಿಂತಲೂ ಕೆಟ್ಟದ್ದೆಂದೂ, ಲೇಖನಿಗೆ ಸಂಯಮವು ಒಳಗಿನಿಂದಲೇ ಬರಬೇಕೆಂದೂ ಗಾಂಧೀಜಿಯವರು ತಮ್ಮ ಪತ್ರಿಕಾನುಭವವನ್ನು ಹೇಳುವಾಗ ಬರೆದಿದ್ದಾರೆ. ಒಪ್ಪತಕ್ಕ ಮಾತೇ, ಆದರೆ ಆ ಒಳಗಿನಲ್ಲಿ ಸಂಪಾದಕನ ಅಹಂಕಾರವೂ ಮನೆ ಮಾಡಿಕೊಂಡಿರುತ್ತದಲ್ಲ!

ಇದನ್ನು ಹೇಳಲು ಕಾರಣವುಂಟು. ಬಾಯಿಪಾಠದ ಹಳೆಯ ಕ್ರಮವನ್ನು ಹೊಗಳಿ ನಾನು ಆ ಪತ್ರಿಕೆಯಲ್ಲಿ ಲೇಖನವೊಂದನ್ನು ಬರೆದಿದ್ದೆನು. ಬೆತ್ತದ ಭಯವಿಲ್ಲದೆ ಅಮರಕೋಶವು ನಾಲಗೆಗೆ ಹತ್ತುವುದಿಲ್ಲವೆಂದು ತುಸು ವಿನೋದವಾಗಿಯೇ ಬರೆದ ನೆನಪು. ಅದಕ್ಕೆ ನನ್ನ ಹಳೆಯ ಶಿಷ್ಯನೊಬ್ಬನು ಪತ್ರ ಬರೆದನು. ಶಬ್ದರೂಪವು ತಪ್ಪಿದ ದಿನ ನಾನು ಹೊಡೆದ ಹೊಡೆತಕ್ಕೆ ಅಂಗೈ ಬಾತು, ಅಂದು ರಾತ್ರಿ ತಾಯಿಯೇ ತುತ್ತಿಟ್ಟಳೆಂದೂ, ಮರುದಿನದಿಂದ ತಾನು ಸಂಸ್ಕೃತವನ್ನೇ ಬಿಟ್ಟೆನೆಂದೂ ತಿಳಿಸಿದ್ದನು. ನನ್ನನ್ನು ಕ್ರೂರಿಯೆಂದೂ ಆತ್ಮವಂಚಕನೆಂದೂ ಕರೆದಿದ್ದನು.

ವೈಯಕ್ತಿಕ ನಿಂದೆಯನ್ನು ಪ್ರಕಟಿಸಕೂಡದೆಂಬುದು ನಮ್ಮ ನಿಯಮ. ಅದರಂತೆ ಆ ಎರಡು ಶಬ್ದಗಳನ್ನು ಹೊಡೆದುಹಾಕಿದೆನು. ಅಂಗೈಯ ಸಂಗತಿಯೂ ವೈಯಕ್ತಿಕವೇ ಆದುದರಿಂದ ಅದನ್ನೂ ಬಿಟ್ಟೆನು. ಉಳಿದದ್ದು ಬಾಯಿಪಾಠದ ಗುಣದೋಷಗಳನ್ನು ಕುರಿತ ಸೌಮ್ಯವಾದ ಹತ್ತು ಪಂಕ್ತಿ. ಅದರ ಸಭ್ಯತೆಯನ್ನು ಮೆಚ್ಚಿ ಇಬ್ಬರು ವಾಚಕರು ಬರೆದರು. ಅವನಿಂದ ಬಂದದ್ದು ಒಂದು ಕಾರ್ಡು: “ಮೇಷ್ಟ್ರೇ, ಅದು ನನ್ನ ಪತ್ರವಲ್ಲ.”

ನಿಯಮವು ನ್ಯಾಯವಾದದ್ದೇ. ಪರರ ಮಾನವನ್ನು ಕಾಯಲು ಹುಟ್ಟಿದ ಅದನ್ನು ನಾನು ನನ್ನ ಮಾನಕ್ಕೆ ಹೊದಿಸಿದೆನು, ಅಷ್ಟೇ. ಬೈಗುಳವು ಮುಳ್ಳು, ಅಂಗೈಯ ಸಂಗತಿಯು ಮೊಳಕೆ, ಎರಡನ್ನೂ ಒಂದೇ ಕತ್ತರಿಗೆ ಕೊಟ್ಟೆನು. ವಾದಿಯೇ ಮಧ್ಯಸ್ಥನಾದರೆ ಆಗುವುದು ಹೀಗೆ. ಶಂಕರಾಚಾರ್ಯರಿಗೂ ಮಂಡನಮಿಶ್ರನಿಗೂ ವಾದವಾದಾಗ ಮಂಡನನ ಪತ್ನಿಯೇ ಮಧ್ಯಸ್ಥಳಾಗಿದ್ದಳೆಂದೂ, ಗಂಡನ ಕೊರಳ ಮಾಲೆಯು ಬಾಡಲು ಅವನ ಸೋಲನ್ನು ಒಪ್ಪಿ ಇಬ್ಬರನ್ನೂ ಭಿಕ್ಷೆಗೆ ಕರೆದಳೆಂದೂ ಮಾಧವೀಯ ಶಂಕರವಿಜಯದಲ್ಲಿದೆ. ಆ ಕಥೆಯನ್ನು ಮೂವತ್ತು ವರ್ಷ ಹುಡುಗರಿಗೆ ಹೇಳಿದವನು ನಾನು.

ಮುಂದೆ ನನ್ನ ಬರೆಹದ ಮೇಲೆ ಬಂದ ಪತ್ರಗಳನ್ನು ಒಡೆಯದೆ ಸ್ನೇಹಿತರಿಗೇ ಕೊಡುತ್ತಿದ್ದೆನು. ಆ ಶಿಷ್ಯನ ಅನುಮತಿಯನ್ನು ಬೇಡಿ, ಹಳಸಿದ ವಿಷಯವೆಂದು ಸ್ನೇಹಿತರು ಗೊಣಗಿದರೂ ಕೇಳದೆ, ಪತ್ರವನ್ನು ಆ ಎರಡು ಶಬ್ದಗಳೊಡನೆ ಪೂರ್ತಿಯಾಗಿ ಅಚ್ಚುಹಾಕಿಸಿದೆನು. ಕೆಳಗೆ ಉತ್ತರವೊಂದನ್ನು ಸೇರಿಸಲು ಕುಳಿತೆನು, ಬರೆಯಲಾಗಲಿಲ್ಲ. ಆತನು ಮರುವರ್ಷ ಚಂದಾ ಕಳುಹಿಸಲಿಲ್ಲ.