ಎಣಿಕೆಯೂ ಏಳಿಗೆಯೂ

ಒಂದು ನೆಲದಲ್ಲಿ ಸಸ್ಯಜಾತಿಗಳ ಎಣಿಕೆ ಹೆಚ್ಚಿದರೆ ಆ ನೆಲಕ್ಕೆ ಏಳಿಗೆಯಾಯಿತೆಂದು ಹೇಳಬಹುದೆ? ಹೆಚ್ಚಾದುದೆಲ್ಲವೂ ಮೇಲಾದುದೆಂದು ಸಾಮಾನ್ಯರಾದ ನಾವು ನಂಬಿರುತ್ತೇವೆ. ಆದರೆ ಉತ್ತರ ಯೂರೋಪಿನ ಹಿಮಸೀಮೆಯಲ್ಲಿ ವಿದ್ವಾಂಸರು ನಡೆಸಿರುವ ಪರಿಶೋಧನೆಗಳನ್ನು ನೋಡಿದರೆ ಈ ನಂಬಿಕೆಯ ವಿಷಯದಲ್ಲಿ ಸಂದೇಹವುಂಟಾಗುವುದು.

ಸ್ವೀಡನ್ ದೇಶದ ಲಿನೇಯಸ್ ಪಂಡಿತನು 1732ರಲ್ಲಿ ಲ್ಯಾಪ್‌ಲೆಂಡ್ ಎಂಬ ಉತ್ತರ ಪ್ರಾಂತವನ್ನು ಸಂಚರಿಸಿ, ಅಲ್ಲಿನ ಸಸ್ಯಗಳನ್ನು ಕುರಿತು 1737ರಲ್ಲಿ ಒಂದು ಗ್ರಂಥವನ್ನು ಪ್ರಕಟಿಸಿದನು. ತರುವಾಯದ ಸಸ್ಯಶಾಸ್ತ್ರಜ್ಞರು ಯೂರೋಪಿನ ಅನೇಕ ಶಿಖರಗಳನ್ನೇರಿ ಪಟ್ಟಿಗಳನ್ನು ಬರೆದಿಟ್ಟರು. ಈಚಿನವರು ಅವೇ ಶಿಖರಗಳನ್ನು ಮತ್ತೆ ಏರಿ, ಹಳೆಯ ಪಟ್ಟಿಗಳೊಡನೆ ಹೊಸವನ್ನು ಹೋಲಿಸಿದರು. ಹೀಗೆ 302 ಶಿಖರಗಳ ಲೆಕ್ಕವನ್ನು ಕೂಡಿಸಿ 2018ರಲ್ಲಿ ಪ್ರಕಟವಾದ ಲೇಖನವು, ಬಹುತೇಕ ಶಿಖರಗಳಲ್ಲಿ ಜಾತಿಗಳು ಹೆಚ್ಚಿವೆಯೆಂದೂ, 2007ರಿಂದ 2016ರವರೆಗಿನ ಹೆಚ್ಚಳವು ಐವತ್ತು ವರ್ಷಗಳ ಹಿಂದಿನ ದಶಕದ ಹೆಚ್ಚಳಕ್ಕಿಂತ ಐದುಪಟ್ಟೆಂದೂ ತಿಳಿಸುತ್ತದೆ. ಲೋಕದ ಉಷ್ಣತೆ ಏರುತ್ತಿರುವುದರಿಂದ ಕೆಳಗಣ ಗಿಡಗಳು ಮೇಲೇರಿ ಬರುತ್ತಿವೆ.

ಬರುವವರ ಲೆಕ್ಕ ಇದಾಯಿತು, ಇದ್ದವರ ಗತಿಯೇನು? 1990ರಿಂದ ಹಲವು ದೇಶಗಳ ಪರಿಶೋಧಕರು ಧ್ರುವಪ್ರದೇಶದ ಬಯಲುಗಳಲ್ಲಿ, ಮೇಲ್ಭಾಗ ತೆರೆದಿರುವ ಪಾರದರ್ಶಕ ಗೂಡುಗಳನ್ನಿರಿಸಿ, ಒಳಗಣ ಗಾಳಿಯನ್ನು ಒಂದರಿಂದ ಮೂರು ಡಿಗ್ರಿಗಳಷ್ಟು ಬೆಚ್ಚಗಾಗಿಸಿ ನೋಡಿದ್ದಾರೆ. ಅಲ್ಲಿ ಪೊದೆಗಳು ಎತ್ತರವಾಗಿ ಹಬ್ಬಿದುವು. ಹಾವಸೆಗಳೂ, ನಮ್ಮ ಅಡುಗೆಮನೆಯ ಕಲ್ಲುಹೂವಿನ ವರ್ಗಕ್ಕೆ ಸೇರಿದ ಜೀವಿಗಳೂ ಕುಗ್ಗಿದುವು. ವರ್ಷಕ್ಕೆ ಕೆಲವೇ ಮಿಲಿಮೀಟರು ಬೆಳೆಯುವ ಈ ಕಲ್ಲುಹೂಗಳೇ ಚಳಿಗಾಲದಲ್ಲಿ ಹಿಮಸಾರಂಗಗಳ ಆಹಾರ. ಆ ಸಾರಂಗಗಳೇ ಅಲ್ಲಿನ ಸಾಮಿ ಜನರಲ್ಲಿ ಅನೇಕರ ಜೀವನಾಧಾರ.

ಇನ್ನೊಂದು ಸಂಗತಿಯುಂಟು. ಸೈಲೀನ್ ಅಕಾಲಿಸ್ ಎಂಬ ದಿಂಬಿನಂತಹ ಪುಟ್ಟ ಗಿಡವು ಮುನ್ನೂರು ವರ್ಷ ಬಾಳಬಲ್ಲುದು. ಇಂಥ ದೀರ್ಘಾಯುಗಳು, ತಮ್ಮ ಸಂತಾನಕ್ಕೆ ಅನುಕೂಲವಾದ ಕಾಲ ಕಳೆದುಹೋದ ಮೇಲೂ ಬಹುದಿನ ನಿಂತಿರಬಹುದು. ಎಣಿಸುವವನಿಗೆ ಅವೂ ಲೆಕ್ಕಕ್ಕೆ ಸಿಕ್ಕುವುವು. ವಿದ್ವಾಂಸರು ಇದನ್ನು ಅಳಿವಿನ ಸಾಲವೆಂದು ಕರೆಯುತ್ತಾರೆ. ಬಂದವರನ್ನೂ ಹೋಗಲಿರುವವರನ್ನೂ ಒಟ್ಟಿಗೆ ಎಣಿಸಿ ಸಂತೋಷಪಡುವುದು, ಸಾಲಗಾರ ಇನ್ನೂ ಬಾಗಿಲಿಗೆ ಬಂದಿಲ್ಲವೆಂಬ ಧೈರ್ಯದಿಂದ ಮನೆಯನ್ನು ಸಿರಿವಂತವೆನ್ನುವಂತೆ.

ಈ ಸಾಲವನ್ನು ಮಾಡಿದವರಾರು? ಮೇಲೇರಿ ಬಂದ ಗಿಡವು ನಿರಪರಾಧಿ. ಬೀಜವು ಗಾಳಿ ಒಯ್ದಲ್ಲಿಗೆ ಹೋಗುವುದು. ದೂರದ ನಾಡುಗಳಲ್ಲಿ ಕಲ್ಲಿದ್ದಲನ್ನೂ ಎಣ್ಣೆಯನ್ನೂ ಉರಿಸಿದ ಮನುಷ್ಯರು ಸಾಲ ಮಾಡಿದರು; ತೀರಿಸುವ ಭಾರ ಹಾವಸೆಗೆ ಬಂದಿತು. ತಂದೆಯ ಋಣವನ್ನು ಮಗನು ತೀರಿಸಬೇಕೆಂಬಲ್ಲಿ, ಆಸ್ತಿಯನ್ನು ಪಡೆದವನೂ ಅವನೇ ಎಂಬ ನ್ಯಾಯವಾದರೂ ಉಂಟು. ಹಾವಸೆಯು ನಮ್ಮಿಂದ ಯಾವ ಆಸ್ತಿಯನ್ನು ಪಡೆಯಿತು?

ಪ್ರಕೃತಿಯಲ್ಲಿ ಬದಲಾವಣೆ ಸಹಜ, ಆ ಪ್ರಾಂತವೆಲ್ಲ ಹಿಂದೆ ಮಂಜುಗಡ್ಡೆಯ ಕೆಳಗೇ ಇದ್ದಿತಲ್ಲವೆ, ಎಂದು ಕೆಲವರು ಆಕ್ಷೇಪಿಸಬಹುದು. ಅದು ನಿಜ. ಆದರೆ ಕಾಡ್ಗಿಚ್ಚು ತಾನಾಗಿಯೂ ಹತ್ತುವುದುಂಟೆಂಬ ಕಾರಣದಿಂದ ಬೆಂಕಿಯಿಟ್ಟವನು ನಿರ್ದೋಷಿಯಾಗನು. ಕರ್ತೃವಿರುವಲ್ಲಿ ಹೊಣೆಯೂ ಇರುವುದು.

ಆದುದರಿಂದ ಎಣಿಕೆಯನ್ನು ಬಿಡಬೇಕೆಂದು ನಾನು ಹೇಳುವುದಿಲ್ಲ. ಹಳೆಯ ಪಟ್ಟಿಗಳಿಲ್ಲದಿದ್ದರೆ ಈ ಸಾಲದ ಸುಳಿವೂ ನಮಗೆ ಸಿಕ್ಕುತ್ತಿರಲಿಲ್ಲ. ಎಷ್ಟು ಜಾತಿಗಳಿವೆ ಎಂದು ಕೇಳಿದ ಬಳಿಕ, ಅವುಗಳಲ್ಲಿ ಎಷ್ಟಕ್ಕೆ ನಾಳೆಯುಂಟು ಎಂದೂ ಕೇಳಬೇಕು. ಆ ದೀರ್ಘಾಯುಗಳು ಇನ್ನೂ ಬದುಕಿರುವಷ್ಟು ಕಾಲ ಋಣವನ್ನು ಕಿಂಚಿತ್ತಾದರೂ ತಗ್ಗಿಸಲು ನಮಗೆ ಅವಕಾಶವಿದೆ. ಉರಿಸುವ ಕೈಯನ್ನು ಹಿಡಿತದಲ್ಲಿಡುವುದೇ ಅದರ ಮೊದಲ ಕಂತು.