ಷರತ್ತಿಲ್ಲದ ಒಡಂಬಡಿಕೆಯೂ ಸುವಾರ್ತೆ ಸಾರುವವರ ಕರ್ತವ್ಯವೂ

ದೇವರು ಮನುಷ್ಯನ ಯೋಗ್ಯತೆಯನ್ನು ನೋಡಿ ಒಡಂಬಡಿಕೆಯನ್ನು ಮಾಡಲಿಲ್ಲವೆಂಬದು ನಮ್ಮ ಸಭೆಗಳ ಚಿಕ್ಕ ಮಕ್ಕಳಿಗೂ ತಿಳಿದ ಉಪದೇಶವಾಗಿದೆ. ಆದರೆ ಇದನ್ನು ಕೇಳಿದ ಕೆಲವರಲ್ಲಿ ಒಂದು ಸಂದೇಹವು ಹುಟ್ಟುವದುಂಟು. ದೇವರ ಕೃಪೆಯು ಯಾವ ಷರತ್ತೂ ಇಲ್ಲದೆ ದೊರೆಯುವದಾದರೆ ನಾವು ಊರೂರಿಗೆ ಹೋಗಿ ಸಾರುವ ಅಗತ್ಯವೇನು? ಸಾರಿದರೂ ಕೇಳುವವರಿಲ್ಲದಿದ್ದರೆ ಆ ಶ್ರಮದ ಪ್ರಯೋಜನವೇನು? ಈ ಎರಡು ಪ್ರಶ್ನೆಗಳನ್ನು ಪ್ರಿಯ ವಾಚಕರೊಂದಿಗೆ ಸ್ವಲ್ಪ ವಿಚಾರಿಸುವೆವು.

ಮೊದಲು ಒಡಂಬಡಿಕೆ ಎಂಬ ಮಾತಿನ ಅರ್ಥವನ್ನು ತಿಳಿಯೋಣ. ನಮ್ಮ ಹಳ್ಳಿಗಳಲ್ಲಿ ಹೊಲವನ್ನು ವಾರಕ್ಕೆ ಕೊಡುವಾಗ ಇಬ್ಬರೂ ಮಾತು ಕೊಡುತ್ತಾರೆ. ಒಬ್ಬನು ತಪ್ಪಿದರೆ ಮತ್ತೊಬ್ಬನು ಆ ಮಾತಿನಿಂದ ಬಿಡುಗಡೆಯಾಗುತ್ತಾನೆ. ಆದಿಕಾಂಡದ 15ನೆಯ ಅಧ್ಯಾಯದಲ್ಲಿ ಅಬ್ರಾಮನು ಪಶುಗಳನ್ನು ಎರಡು ಹೋಳುಮಾಡಿ ಎದುರೆದುರಾಗಿ ಇಟ್ಟನೆಂದು ಓದುತ್ತೇವೆ. ಒಡಂಬಡಿಕೆ ಮಾಡುವವರು ಆ ಹೋಳುಗಳ ನಡುವೆ ಹಾದುಹೋಗುವದು ಆ ಕಾಲದ ಪದ್ಧತಿ. ಮಾತಿಗೆ ತಪ್ಪಿದರೆ ನನಗೂ ಈ ಗತಿಯಾಗಲಿ ಎಂಬದು ಅದರ ಅರ್ಥ. ಆದರೆ ಅಬ್ರಾಮನಿಗೆ ಗಾಢನಿದ್ರೆ ಹತ್ತಿತು. ಹೊಗೆಯಾಡುವ ಒಲೆಯೂ ಉರಿಯುವ ಪಂಜೂ ಮಾತ್ರ ಆ ಹೋಳುಗಳ ನಡುವೆ ದಾಟಿದವು. ಹೀಗೆ ಒಡಂಬಡಿಕೆಯ ಭಾರವನ್ನೆಲ್ಲಾ ದೇವರು ತಾನೊಬ್ಬನೇ ಹೊತ್ತನು.

ಹಾಗಾದರೆ ಸೀನಾಯಿಯಲ್ಲಿ ಆಜ್ಞೆಗಳನ್ನು ಯಾಕೆ ಕೊಟ್ಟನು ಎಂದು ಯಾರಾದರೂ ಕೇಳಬಹುದು. ಇಸ್ರಾಯೇಲ್ಯರು ಆಜ್ಞೆಗಳನ್ನು ಕೈಕೊಂಡ ಮೇಲೆ ಐಗುಪ್ತದಿಂದ ಬಿಡಿಸಲ್ಪಟ್ಟವರಲ್ಲ. ಮೊದಲು ಬಿಡಿಸಲ್ಪಟ್ಟರು, ಅನಂತರ ಆಜ್ಞೆಗಳನ್ನು ಹೊಂದಿದರು. ಆದದರಿಂದ ವಿಧೇಯತೆಯು ಕೃಪೆಗೆ ಕೊಡತಕ್ಕ ಬೆಲೆಯಲ್ಲ, ಕೃಪೆಯಿಂದ ಬೆಳೆಯುವ ಫಲವೇ.

ಇನ್ನು ಸಾರುವ ಅಗತ್ಯವೇನೆಂಬ ಪ್ರಶ್ನೆಗೆ ಬರುವೆವು. ಅರಸುಗಳ ಎರಡನೆಯ ಪುಸ್ತಕದಲ್ಲಿ ಸಮಾರ್ಯ ಪಟ್ಟಣಕ್ಕೆ ಶತ್ರುಗಳು ಮುತ್ತಿಗೆ ಹಾಕಿದ ವೃತ್ತಾಂತವುಂಟು. ರಾತ್ರಿಯಲ್ಲಿ ಶತ್ರುಗಳು ದಂಡಿನ ಪಾಳೆಯವನ್ನು ಬಿಟ್ಟು ಓಡಿಹೋದರು. ಆದರೂ ಬಾಗಿಲುಗಳನ್ನು ಮುಚ್ಚಿಕೊಂಡು ಒಳಗಿದ್ದ ಜನರು ಹಸಿವಿನಿಂದ ಸಾಯುತ್ತಲೇ ಇದ್ದರು. ಪಾಳೆಯದಲ್ಲಿ ಹೊಟ್ಟೆ ತುಂಬ ಉಂಡ ನಾಲ್ವರು ಕುಷ್ಠರೋಗಿಗಳು, ಸುಮ್ಮನಿರುವದು ಒಳ್ಳೇದಲ್ಲವೆಂದು ಮನಗಂಡು ಪಟ್ಟಣದವರಿಗೆ ಸುದ್ದಿ ಮುಟ್ಟಿಸಿದರು. ಬಿಡುಗಡೆಯನ್ನು ಉಂಟುಮಾಡಿದವರು ಅವರಲ್ಲ. ಅದನ್ನು ತಿಳಿಸಿದವರು ಮಾತ್ರ. ಗೊರೂರಿನಿಂದ ಕಾಲುವೆಗೆ ನೀರು ಬಿಟ್ಟ ಸುದ್ದಿಯು ಕೊನೆಯ ಗದ್ದೆಯವನಿಗೆ ತಿಳಿಯದಿದ್ದರೆ ನೀರು ಹರಿದೂ ಅವನ ಪೈರು ಒಣಗಬಹುದು. ನೀರುಗಂಟಿಯು ನೀರನ್ನು ಹುಟ್ಟಿಸುವವನಲ್ಲ, ಆದರೂ ಅವನು ಬಾಯಿಮುಚ್ಚಿದರೆ ನಷ್ಟವಾಗುವದು. ಕೃಪೆಯು ಉಚಿತವಾಗಿರುವದೇ ಸುಮ್ಮನಿರದೆ ಇರುವದಕ್ಕೆ ಕಾರಣ.

ಇದರಿಂದ ಮತ್ತೊಂದು ಸಂಗತಿಯು ತಾನಾಗಿ ಸ್ಪಷ್ಟವಾಗುವದು. ಷರತ್ತಿಲ್ಲದೆ ಹೊಂದಿದ್ದನ್ನು ಷರತ್ತು ಹಾಕಿ ಹಂಚಕೂಡದು. ಎಲೀಷನು ನಾಮಾನನಿಂದ ಏನನ್ನೂ ತೆಗೆದುಕೊಳ್ಳಲೊಲ್ಲದೆ ಇರುವಾಗ ಅವನ ಸೇವಕನಾದ ಗೇಹಜಿಯು ಹಿಂದೆ ಓಡಿಹೋಗಿ ಬೆಳ್ಳಿಯನ್ನೂ ಬಟ್ಟೆಗಳನ್ನೂ ಇಸಕೊಂಡನು. ದೇವರ ವರಕ್ಕೆ ಬೆಲೆ ಕಟ್ಟಿದನು. ನಮ್ಮಲ್ಲಿ ಇದು ತಿರುಗುಮುರುಗಾಗಿಯೂ ನಡೆಯಬಹುದು. ಕೇಳುವವನಿಂದ ಹಣ ತೆಗೆದುಕೊಳ್ಳುವದು ಹೇಗೆ ತಪ್ಪೋ, ಅಕ್ಕಿಯನ್ನೋ ಕೆಲಸವನ್ನೋ ತೋರಿಸಿ ಅವನ ವಿಶ್ವಾಸವನ್ನು ಕೊಳ್ಳುವದೂ ಹಾಗೆಯೇ ತಪ್ಪು. ಹಾಸನದಲ್ಲಿ ವೆಸ್ಲಿಯನ್ ಮಿಷನ್ನಿನವರು ಸ್ಥಾಪಿಸಿದ ರೆಡ್‌ಫರ್ನ್ ಆಸ್ಪತ್ರೆಯಂಥ ಸ್ಥಳದಲ್ಲಿ ರೋಗಿಯ ಗಾಯವನ್ನು ಕಟ್ಟತಕ್ಕದ್ದು ಅವನು ನಾಳೆ ದೇವಾಲಯಕ್ಕೆ ಬರುವನೆಂದಲ್ಲ, ಅವನಿಗೆ ಗಾಯವಾಗಿದೆ ಎಂಬ ಕಾರಣದಿಂದಲೇ.

ದೇಶದ ಕಾನೂನನ್ನೂ ಇಲ್ಲಿ ನೆನಪಿಸಿಕೊಳ್ಳುವದು ಒಳ್ಳೇದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 25ನೆಯ ವಿಧಿಯು ಧರ್ಮವನ್ನು ಅನುಸರಿಸುವದಕ್ಕೂ ಸಾರುವದಕ್ಕೂ ಎಲ್ಲರಿಗೂ ಹಕ್ಕು ಕೊಟ್ಟಿದೆ. ಆದರೆ ಸಾರುವ ಹಕ್ಕೆಂದರೆ ಇನ್ನೊಬ್ಬನನ್ನು ಮತಾಂತರ ಮಾಡುವ ಹಕ್ಕಲ್ಲವೆಂದು 1977ರಲ್ಲಿ ಸುಪ್ರೀಂ ಕೋರ್ಟು ಸ್ಟಾನಿಸ್ಲಾಸ್ ಎಂಬ ಪಾದ್ರಿಯ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಈ ತೀರ್ಪಿನ ವಿಷಯವಾಗಿ ಕ್ರೈಸ್ತರಲ್ಲಿ ಭಿನ್ನಾಭಿಪ್ರಾಯಗಳುಂಟು. ಆದರೂ ಹೃದಯವನ್ನು ತಿರುಗಿಸುವದು ದೇವರ ಕೆಲಸವೇ ಹೊರತು ನಮ್ಮದಲ್ಲವೆಂಬದನ್ನು ನ್ಯಾಯಾಲಯವು ಹೇಳುವದಕ್ಕೆ ಮುಂಚೆಯೇ ನಮಗೆ ವೇದವು ಕಲಿಸಿದೆ.

ಇನ್ನು ಫಲ ಕಾಣದೆ ಹೋದರೆ ಏನು? ಮೈಸೂರು ಸೀಮೆಯಲ್ಲಿ ದುಡಿದ ಅಬ್ಬೆ ದುಬಾಯ್ ಎಂಬ ಫ್ರೆಂಚ್ ಪಾದ್ರಿಯವರು 1792ರಲ್ಲಿ ಹಿಂದೂದೇಶಕ್ಕೆ ಬಂದವರು. ಸಿಡುಬಿನ ಕಾಲದಲ್ಲಿ ಸಾವಿರಾರು ಜನರಿಗೆ ದೇವಿ ಹಾಕಿಸಲು ಶ್ರಮಪಟ್ಟರು. ಆದರೆ 1823ರಲ್ಲಿ ಸ್ವದೇಶಕ್ಕೆ ಹಿಂತಿರುಗಿ, ಇಲ್ಲಿಯವರು ಕ್ರೈಸ್ತರಾಗುವದು ಆಗದ ಕೆಲಸವೆಂದು ಗ್ರಂಥವನ್ನೇ ಪ್ರಕಟಿಸಿದರು. ಅವರ ಸೇವೆಯನ್ನು ನಾವು ಗೌರವಿಸುತ್ತೇವೆ. ಅವರ ನಿರಾಶೆಯನ್ನು ಒಪ್ಪುವದಿಲ್ಲ. ಯಾಕಂದರೆ ತಾವು ಕಂಡ ಫಲದಿಂದ ಅವರು ದೇವರ ಕೆಲಸವನ್ನು ಅಳೆದರು. ಸುಮಾರು ನಾಲ್ವತ್ತು ವರ್ಷಗಳಾದ ಮೇಲೆ, 1860ರ ದಶಕದಲ್ಲಿ, ಅದೇ ದೇಶದ ಪಾದ್ರಿಗಳು ಹೇಮಾವತಿಯ ಬಳಿಯ ಶೆಟ್ಟಿಹಳ್ಳಿಯಲ್ಲಿ ಎತ್ತರವಾದ ದೇವಾಲಯವನ್ನು ಕಟ್ಟಿಸಿದರು.

ಆದರೆ ಆ ಕಟ್ಟಡವೂ ನಿಲ್ಲಲಿಲ್ಲ. 1979ರಲ್ಲಿ ಗೊರೂರಿನ ಅಣೆಕಟ್ಟು ಪೂರ್ಣವಾಗಿ, ಹಿನ್ನೀರು ಏರಿ, ಊರಿನವರು ಬೇರೆ ಕಡೆಗೆ ಹೋಗಬೇಕಾಯಿತು. ಈಗಲೂ ಮಳೆಗಾಲದಲ್ಲಿ ಜಲಾಶಯವು ತುಂಬಿದರೆ ಗೋಡೆಗಳು ಅರ್ಧ ಮುಳುಗುವವು, ಬೇಸಿಗೆಯಲ್ಲಿ ಮತ್ತೆ ಕಾಣುವವು. ಚಾವಣಿಯು ಹೋಗಿದೆ, ಗೋಡೆಗಳೂ ಕುಸಿಯುತ್ತಿವೆ. ಅದು ರೋಮನ್ ಕಥೋಲಿಕ ಸಹೋದರರ ದೇವಾಲಯವಾದರೂ ಅದರ ಪಾಠವು ನಮಗೂ ಸಲ್ಲುವದು. ಯೆರೂಸಲೇಮಿನ ಆಲಯವು ಬಿದ್ದಾಗ ಒಡಂಬಡಿಕೆಯೂ ಬಿದ್ದಿತೆಂದು ಅನೇಕರು ಅತ್ತರು. ಆದರೆ ಆ ನಾಶದ ಕಾಲದಲ್ಲಿಯೇ ಯೆರೆಮೀಯನು ಹೃದಯದ ಹಲಗೆಯ ಮೇಲೆ ಬರೆಯಲ್ಪಡುವ ಹೊಸ ಒಡಂಬಡಿಕೆಯನ್ನು ಮುಂತಿಳಿಸಿದನು. ಕಲ್ಲಿನ ಮೇಲೆ ನಿಲ್ಲದ ಒಡಂಬಡಿಕೆಯನ್ನು ನೀರು ಮುಳುಗಿಸಲಾರದು.

ಆದಕಾರಣ ಪ್ರಿಯರೇ, ನಮ್ಮ ಊರಿನ ಸಭೆಯಲ್ಲಿ ಐದೇ ಮನೆಗಳಿದ್ದರೂ ನಾಚಿಕೆಪಡದೆ ಇರೋಣ. ಐವತ್ತು ಮನೆಗಳಾದರೂ ಹೆಚ್ಚಳಪಡದೆ ಇರೋಣ. ನೆರೆಯವನು ಕೇಳಿದರೆ ಸಂತೋಷದಿಂದ ಹೇಳೋಣ. ಕೇಳಲೊಲ್ಲದಿದ್ದರೆ ಅವನ ಬಾವಿಯ ಹಗ್ಗ ಹರಿದ ದಿವಸ ನಮ್ಮ ಹಗ್ಗವನ್ನು ಕೊಡೋಣ, ಅವನ ಮನೆಯಲ್ಲಿ ಸಾವಾದರೆ ಹೆಗಲು ಕೊಡೋಣ; ಅದಕ್ಕೆ ಪ್ರತಿಯಾಗಿ ಏನನ್ನೂ ಅಪೇಕ್ಷಿಸದೆ ಇರೋಣ. ನಾವು ನಿದ್ರಿಸುತ್ತಿರುವಾಗಲೇ ನಮಗಾಗಿ ಒಡಂಬಡಿಕೆಯನ್ನು ಸ್ಥಾಪಿಸಿದ ದೇವರು, ನಾವು ಬಿತ್ತಿದ್ದನ್ನು ತನ್ನ ಕಾಲದಲ್ಲಿ ತಾನೇ ಬೆಳೆಯಿಸುವನು.