ಸದ್ದು ಯಾರದು?

ವಿದ್ಯಾರಣ್ಯಪುರದ ನಮ್ಮ ಮನೆ ಚಿಕ್ಕದು. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಾಲ್‌ನಲ್ಲಿ ಮಲಗುತ್ತಾರೆ. ಅದೇ ಹಾಲ್‌ನ ಮೂಲೆಯಲ್ಲಿ ನನ್ನ ಮೇಜು, ಮುಗಿಯದ ಪಿಎಚ್.ಡಿ. ಪ್ರಬಂಧ. ಲ್ಯಾಪ್‌ಟಾಪ್ ಆನ್ ಆಗುವಾಗ ಬರುವ ಸದ್ದನ್ನು ನಾನು ಎಂದೋ ನಿಲ್ಲಿಸಿದ್ದೆ. ಕಳೆದ ತಿಂಗಳು ಯಾವುದೋ ಅಪ್‌ಡೇಟ್ ಆದ ಮೇಲೆ ಅದು ಮರಳಿ ಬಂತು. ಅಪ್ಪ ಬೆಚ್ಚಿ ಎದ್ದು ಕೂತು, "ಯಾರಮ್ಮಾ ಬಂದಿದ್ದು?" ಎಂದರು. ಆಮೇಲೆ ಅವರಿಗೆ ನಿದ್ದೆ ಹತ್ತಲಿಲ್ಲ.

ನನಗೆ ಸಿಟ್ಟು ಬಂದದ್ದು ಸದ್ದಿನ ಮೇಲಲ್ಲ. ಒಮ್ಮೆ ಬೇಡ ಎಂದಿದ್ದೆ. ಆ ಮಾತನ್ನು ಯಾರೋ ಹೇಳದೆ ಕೇಳದೆ ಅಳಿಸಿದ್ದರು.

ಈ ಜಗಳ ಹಳೆಯದು. ವಿಂಡೋಸ್ 95ರ ಆರಂಭದ ಸದ್ದನ್ನು ಸಂಯೋಜಿಸಿದವರು ಬ್ರಯಾನ್ ಈನೋ. (ಅದನ್ನು ಮಾಡಿದ್ದು ಆಪಲ್‌ನ ಮ್ಯಾಕ್‌ನಲ್ಲಿ ಎಂದು ಆಮೇಲೆ ಅವರೇ ಹೇಳಿಕೊಂಡರು.) ಬೇಡದವರು ಅದನ್ನು ನಿಲ್ಲಿಸಬಹುದಿತ್ತು. 2006ರಲ್ಲಿ ವಿಸ್ತಾ ಸಿದ್ಧವಾಗುತ್ತಿದ್ದಾಗ ಮಾತ್ರ ಮೈಕ್ರೋಸಾಫ್ಟ್ ಆರಂಭದ ಸದ್ದನ್ನು ಯಾರೂ ನಿಲ್ಲಿಸಲಾಗದಂತೆ ಮಾಡಲು ಹೊರಟಿತ್ತು. ಜನ ರೇಗಿದರು. ಕೊನೆಗೆ ಟಿಕ್ ಹಾಕಲು, ತೆಗೆಯಲು ಒಂದು ಪುಟ್ಟ ಚೌಕ ಸಿಕ್ಕಿತು. ವಿಂಡೋಸ್ 8 ತಾನಾಗಿ ಮೌನವಾಗಿಯೇ ಬಂತು. 11ರಲ್ಲಿ ಸದ್ದು ಮರಳಿತು.

ನನ್ನ ಯಂತ್ರ, ನನ್ನಿಷ್ಟ ಎಂದು ಮಾತು ಮುಗಿಸಬಹುದಿತ್ತು. ಆದರೆ ನಮ್ಮ ಪಕ್ಕದ ಜಾಲಹಳ್ಳಿಯ ಬಿಇಎಲ್ ನೆನಪಾಯಿತು. ದೇಶದ ಮತಯಂತ್ರಗಳನ್ನು ತಯಾರಿಸುವ ಎರಡು ಸಂಸ್ಥೆಗಳಲ್ಲಿ ಅದೂ ಒಂದು. ಗುಂಡಿ ಒತ್ತಿದ ಮೇಲೆ ಉದ್ದಕ್ಕೆ ಬೀಪ್ ಕೇಳುತ್ತದಲ್ಲ, ಅದನ್ನು ನಿಲ್ಲಿಸುವ ಸೆಟ್ಟಿಂಗ್ ಮತದಾರರಿಗಿಲ್ಲ, ಇರಲೂಬಾರದು. ಆ ಸದ್ದು ಅಧಿಕಾರಿಗೂ ಪಕ್ಷಗಳ ಏಜೆಂಟರಿಗೂ ಸೇರಿದ್ದು. ಒಂದು ಮತ ಬಿತ್ತು ಎಂದಷ್ಟೇ ಅದು ಸಾರುತ್ತದೆ, ಯಾರಿಗೆ ಎಂಬುದನ್ನು ಬಿಟ್ಟುಕೊಡುವುದಿಲ್ಲ. ಜಪಾನಿನಲ್ಲಿ ಮಾರುವ ಫೋನ್‌ಗಳಲ್ಲಿ ಕ್ಯಾಮೆರಾದ ಕ್ಲಿಕ್ ಸದ್ದು ನಿಲ್ಲದಂತೆ ಮಾಡಿರುವುದೂ ಹೀಗೆಯೇ; ಕದ್ದು ತೆಗೆಯುವ ಚಿತ್ರಕ್ಕೆ ಸಿಕ್ಕಿಬೀಳುವವರಿಗಾಗಿ ಆ ಸದ್ದು.

ಹಾಗಾದರೆ ಯಂತ್ರ ಯಾರದು ಎಂದು ಕೇಳಿದರೆ ಸಾಲದು, ಆ ಸದ್ದನ್ನು ನಂಬಿಕೊಂಡವರು ಯಾರು ಎಂದೂ ಕೇಳಬೇಕು. ಇದು ನನಗೆ ತಿಳಿದದ್ದು ಸ್ವಲ್ಪ ನಾಚಿಕೆಯ ದಾರಿಯಲ್ಲಿ. ನನ್ನ ಜೊತೆ ಸಂಶೋಧನೆ ಮಾಡುವ ಗೆಳೆಯನಿಗೆ ಕಣ್ಣು ಕಾಣುವುದಿಲ್ಲ. ಅವನ ಹೊಸ ಲ್ಯಾಪ್‌ಟಾಪ್‌ಗೆ ಪರದೆ ಓದುವ ಎನ್‌ವಿಡಿಎ ಹಾಕಿಕೊಡುವಾಗ, ಉಪಕಾರ ಮಾಡುವವಳಂತೆ ಆರಂಭದ ಸದ್ದನ್ನೂ ತೆಗೆದುಬಿಟ್ಟಿದ್ದೆ. ಮರುದಿನ ಅವನು ಪವರ್ ಗುಂಡಿ ಒತ್ತಿ ಕಾದ. ಏನೂ ಕೇಳಲಿಲ್ಲ. ಆನ್ ಆಗಿಲ್ಲವೇನೋ ಎಂದು ಮತ್ತೆ ಒತ್ತಿದ, ಹಾಗೆ ಎಷ್ಟು ಸಲ ಆನ್, ಎಷ್ಟು ಸಲ ಆಫ್ ಮಾಡಿದನೋ.

"ನನ್ನ ದೀಪ ಆರಿಸಿ ಹೋಗಿದ್ದೀಯಲ್ಲೇ ಮಾರಾಯ್ತಿ" ಎಂದು ನಕ್ಕ. ನನಗೆ ನಗು ಬರಲಿಲ್ಲ. ಅಪ್‌ಡೇಟ್ ನನಗೆ ಮಾಡಿದ್ದನ್ನು ನಾನು ಅವನಿಗೆ ಮಾಡಿದ್ದೆ, ಅದೂ ಕೇಳದೆ.

ಅವನ ಸದ್ದನ್ನು ಅಂದೇ ಮರಳಿ ಹಾಕಿಕೊಟ್ಟೆ. ಮನೆಯಲ್ಲಿ ಮಾತ್ರ ಈಗ ಸೆಟ್ಟಿಂಗ್ ನಂಬಿ ಕೂರುವುದಿಲ್ಲ. ಅಪ್ಪ ಮಲಗಿದ್ದರೆ ಮೊದಲು ಇಯರ್‌ಫೋನ್ ಸಿಕ್ಕಿಸುತ್ತೇನೆ, ಆಮೇಲೆ ಗುಂಡಿ ಒತ್ತುತ್ತೇನೆ.